ಸೊಂಟ ಹಿಡಿದಾಗ ನುಂಗಿದ ಮಾತ್ರೆ: ವಾಸಿ ಮಾಡಿದ್ದು ಅದೇನಾ?

ಸೊಂಟಪುರಾಣ:
ಸೊಂಟ ಹಿಡಿದರೆ ಮೊದಲು ಕೈ ಹೋಗುವುದು ಪ್ಯಾರಾಸಿಟಮಾಲ್ ಕಡೆಗೆ, ಅಲ್ವಾ? ಅದನ್ನೇ ಪರೀಕ್ಷೆಗೆ ಒಡ್ಡಿದ ದೊಡ್ಡ ಟ್ರಯಲ್ ಒಂದಿದೆ. ಹೆಸರು ಪೇಸ್. ನಡೆದದ್ದು ಸಿಡ್ನಿಯಲ್ಲಿ, 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೊಸದಾಗಿ ಸೊಂಟನೋವು ಶುರುವಾದ 1652 ಜನ. ಒಂದು ಗುಂಪಿಗೆ ದಿನಾ ತಪ್ಪದೆ ಪ್ಯಾರಾಸಿಟಮಾಲ್, ಇನ್ನೊಂದಕ್ಕೆ ನೋವಾದಾಗ ಮಾತ್ರ, ಮೂರನೆಯದಕ್ಕೆ ಪ್ಲಸೀಬೊ, ಅಂದರೆ ಔಷಧವೇ ಇಲ್ಲದ ಹುಸಿಮಾತ್ರೆ. ಪ್ರತಿ ಗುಂಪಿನ ಅರ್ಧದಷ್ಟು ಜನ ವಾಸಿಯಾಗಲು ಹಿಡಿದದ್ದು 17 ದಿನ, 17 ದಿನ, 16 ದಿನ. ಆ 16 ಹುಸಿಮಾತ್ರೆಯವರದ್ದು! ಹಾಗಿದ್ದರೆ ಇಷ್ಟು ವರ್ಷ ನುಂಗಿದ್ದೆಲ್ಲ ಸುಮ್ನೆನಾ?

ಮಾತ್ರೆಡಬ್ಬಿ:
ಅಂಕಿಅಂಶ ಎಷ್ಟು ಬೇಕಾದರೂ ತೋರಿಸಿ. ಸೊಂಟ ಹಿಡಿದಾಗಲೆಲ್ಲ ನಾನು ಮಾತ್ರೆ ತಗೊಂಡಿದ್ದೇನೆ, ವಾಸಿಯೂ ಆಗಿದೆ. ಇನ್ನೇನು ಸಾಕ್ಷಿ ಬೇಕು?

ಲೆಕ್ಕದಮೇಷ್ಟ್ರು:
ತಗೊಳ್ಳದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೀವು ನೋಡಿಯೇ ಇಲ್ಲವಲ್ಲ! ಹೊಸ ಸೊಂಟನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಮೇಲಾಗಿ ನಾವು ಮಾತ್ರೆ ಹುಡುಕುವುದು ನೋವು ತಾರಕಕ್ಕೇರಿದಾಗ. ಅಲ್ಲಿಂದ ಮುಂದೆ ಅದು ಇಳಿಯುವ ಸಾಧ್ಯತೆಯೇ ಜಾಸ್ತಿ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಅಂದುಕೊಂಡ ಅಜ್ಜಿಯ ಕಥೆ ಇದು. ಕೋಳಿ ಇಲ್ಲದ ಊರನ್ನೂ ನೋಡಬೇಕು, ಹುಸಿಮಾತ್ರೆ ಗುಂಪು ಇರುವುದು ಅದಕ್ಕೇ.

ಮಾತ್ರೆಡಬ್ಬಿ:
ಅಜ್ಜಿ ಅಂದಿದ್ದಕ್ಕೆ ಬೇಜಾರಿಲ್ಲ. ಆದರೆ ಒಬ್ಬರಿಗೆ ದಿನಾ ಮಾತ್ರೆ, ಇನ್ನೊಬ್ಬರಿಗೆ ಬೇಕಾದಾಗ ಮಾತ್ರ. ಯಾರು ಯಾವ ಗುಂಪು ಅಂತ ಡಬ್ಬಿ ನೋಡಿದರೇ ಗೊತ್ತಾಗುತ್ತದೆ. ಇದೆಂಥ ಗುಟ್ಟು?

ಲೆಕ್ಕದಮೇಷ್ಟ್ರು:
ಗೊತ್ತಾಗಲ್ಲ, ಅಲ್ಲೇ ಇರುವುದು ಜಾಣತನ. ಎಲ್ಲರಿಗೂ ಎರಡೆರಡು ಡಬ್ಬಿ ಕೊಟ್ಟರು. ಒಂದರಲ್ಲಿ ನಿಧಾನವಾಗಿ ಕರಗುವ 665 ಮಿಲಿಗ್ರಾಂ ಮಾತ್ರೆ: ಸಲಕ್ಕೆ ಎರಡು, ದಿನಕ್ಕೆ ಮೂರು ಸಲ. ಇನ್ನೊಂದರಲ್ಲಿ ನೋವಾದರೆ ತಗೊಳ್ಳಲು 500 ಮಿಲಿಗ್ರಾಂ ಮಾತ್ರೆ. ಮೊದಲ ಗುಂಪಿಗೆ ದಿನದ ಡಬ್ಬಿ ಅಸಲಿ, ಬೇಕಾದಾಗಿನದು ನಕಲಿ. ಎರಡನೆಯ ಗುಂಪಿಗೆ ತಿರುಗಾಮುರುಗಾ. ಮೂರನೆಯವರಿಗೆ ಎರಡೂ ನಕಲಿ. ಹಾಗಾಗಿ ಎಲ್ಲರೂ ಒಂದೇ ಥರ ನುಂಗುತ್ತಿದ್ದರು, ಯಾರ ಹೊಟ್ಟೆಗೆ ಏನು ಹೋಗುತ್ತಿದೆ ಅಂತ ಯಾರಿಗೂ ತಿಳಿದಿರಲಿಲ್ಲ.

ಬಗ್ಗಿಏಳು:
ನಾನು ಫಿಸಿಯೋಥೆರಪಿ ಮಾಡುವವಳು. ಟ್ರಯಲ್ ಚೆನ್ನಾಗಿದೆ, ಆದರೆ ಅಲ್ಲಿ 'ವಾಸಿ' ಅಂದರೆ ಏನು ನೋಡಿ. ಹತ್ತರಲ್ಲಿ ನೋವಿನ ಅಂಕ ಸೊನ್ನೆ ಅಥವಾ ಒಂದು, ಅದೂ ಸತತ ಏಳು ದಿನ. ನನ್ನ ಹತ್ತಿರ ಬರುವವರು ಹದಿನೇಳನೇ ದಿನದ ಮಾತಾಡಲ್ಲ. ಇವತ್ತು ರಾತ್ರಿ ಮಗ್ಗುಲು ಬದಲಿಸಬಹುದಾ, ಕಮೋಡಿನಿಂದ ಎದ್ದೇಳಬಹುದಾ ಅಂತ ಕೇಳುತ್ತಾರೆ. ಇನ್ನೊಂದು ವಿಷಯ: ಹೇಳಿದಷ್ಟು ಮಾತ್ರೆ ತುಂಬಾ ಜನ ತಗೊಳ್ಳಲೇ ಇಲ್ಲ. ದಿನಕ್ಕೆ ಆರು ಅಂದರೆ ಸುಮಾರು ನಾಲ್ಕಕ್ಕೆ ನಿಲ್ಲಿಸಿದ್ದರು.

ಸೊಂಟಪುರಾಣ:
ನಾಲ್ಕು ಮಾತ್ರೆಯ ಮಾತು ಒಪ್ಪುತ್ತೇನೆ. ಆದರೆ ನೋವು, ನಿದ್ದೆ, ಓಡಾಟ ಎಲ್ಲವನ್ನೂ ಮಧ್ಯೆ ಮಧ್ಯೆ ಅಳೆದಿದ್ದಾರೆ. ಅಲ್ಲೂ ವ್ಯತ್ಯಾಸ ಇಲ್ಲ.

ಬಗ್ಗಿಏಳು:
ಹೌದು. ಮೂರೂ ಗುಂಪಿಗೆ ಸಿಕ್ಕಿದ್ದು ಒಂದಿದೆ ಅನ್ನುವುದನ್ನೂ ಸೇರಿಸಿ: ಹೆದರಬೇಡಿ, ಮಲಗೇ ಇರಬೇಡಿ, ಆದಷ್ಟು ಓಡಾಡಿ ಅನ್ನುವ ಸಲಹೆ. ನನ್ನ ಮಟ್ಟಿಗೆ ಆ ಟ್ರಯಲ್‌ನಲ್ಲಿ ಜಾಸ್ತಿ ಕೆಲಸ ಮಾಡಿದ್ದು ಅದೇ ಇರಬೇಕು. ಸಲಹೆಯೇ ಸಿಗದ ಗುಂಪು ಇರಲಿಲ್ಲ, ಹಾಗಾಗಿ ಸಾಬೀತು ಮಾಡಲಾರೆ.

ಗುಳಿಗೆಗಾರ:
ಫಾರ್ಮಸಿಸ್ಟ್ ನಾನು. ಪ್ಯಾರಾಸಿಟಮಾಲ್ ಒಂದನ್ನೇ ಹಿಡ್ಕೊಂಡು ಜಗಳ ಯಾಕೆ? ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಡೈಕ್ಲೊಫೆನ್ಯಾಕ್ ಜಾತಿಯವಕ್ಕೆ ಒಂದಿಷ್ಟು ಅಂಕ ಸಿಗುತ್ತದೆ. ಹಲವು ಟ್ರಯಲ್‌ಗಳನ್ನು ಒಟ್ಟು ಸೇರಿಸಿ ತೂಗಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಮೊದಲ ಮೂರು ವಾರದಲ್ಲಿ, ನೂರರ ಅಳತೆಯಲ್ಲಿ, ಹುಸಿಮಾತ್ರೆಗಿಂತ ಸರಾಸರಿ 7 ಅಂಕ ಜಾಸ್ತಿ ನೋವು ಇಳಿಯಿತು.

ಸೊಂಟಪುರಾಣ:
ನೂರಕ್ಕೆ ಏಳಾ? ಅಷ್ಟು ಇಳಿದರೆ ಗೊತ್ತಾದರೂ ಆಗುತ್ತದಾ?

ಗುಳಿಗೆಗಾರ:
ಹಲವರಿಗೆ ಆಗಲ್ಲ. ಸಲಹೆ ಮತ್ತು ಪ್ಯಾರಾಸಿಟಮಾಲ್ ಜೊತೆಗೆ ಡೈಕ್ಲೊಫೆನ್ಯಾಕ್ ಸೇರಿಸಿದರೆ ಬೇಗ ವಾಸಿಯಾಗುತ್ತದಾ ಅಂತ 240 ಜನರಲ್ಲಿ ನೋಡಿದ್ದರು, 2007ರಲ್ಲಿ. ಆಗಲಿಲ್ಲ. ನ್ಯೂಯಾರ್ಕ್‌ನಲ್ಲಿ ತುರ್ತು ಚಿಕಿತ್ಸೆಗೆ ಬಂದ 323 ಜನರಿಗೆ ನ್ಯಾಪ್ರೊಕ್ಸೆನ್ ಕೊಟ್ಟು, ಕೆಲವರಿಗೆ ಅದರ ಮೇಲೆ ಸ್ನಾಯು ಸಡಿಲಿಸುವ ಮಾತ್ರೆ, ಕೆಲವರಿಗೆ ಆಕ್ಸಿಕೊಡೋನ್ ಅನ್ನುವ ಓಪಿಯಾಯ್ಡ್ (ಅಫೀಮು ಜಾತಿಯ ನೋವಿನ ಔಷಧಿ) ಮತ್ತು ಪ್ಯಾರಾಸಿಟಮಾಲ್ ಕೊಟ್ಟರು. ಒಂದು ವಾರದ ನಂತರ ಓಡಾಟದಲ್ಲಿ, ಬರೀ ನ್ಯಾಪ್ರೊಕ್ಸೆನ್ ಜೊತೆ ಹುಸಿಮಾತ್ರೆ ತಗೊಂಡವರಿಗಿಂತ ಯಾರೂ ಮುಂದಿರಲಿಲ್ಲ. ಅದು 2015ರದ್ದು. ಓಪಿಯಾಯ್ಡ್ ಕಥೆ ಇನ್ನೂ ಬೇಜಾರಿನದು. ಸೊಂಟ ಅಥವಾ ಕತ್ತು ನೋವಿದ್ದ 347 ಜನರ ಓಪಲ್ ಟ್ರಯಲ್, 2023. ಆರು ವಾರ ಕಳೆದರೂ ಹುಸಿಮಾತ್ರೆಗಿಂತ ಮೇಲಲ್ಲ.

ಲೆಕ್ಕದಮೇಷ್ಟ್ರು:
ಒಂದು ಎಚ್ಚರಿಕೆ. ಸರಾಸರಿ 7 ಅಂದರೆ ಪ್ರತಿಯೊಬ್ಬರಿಗೂ 7 ಅಲ್ಲ. ಕೆಲವರಿಗೆ ಇಪ್ಪತ್ತು ಇಳಿದಿರಬಹುದು, ಕೆಲವರಿಗೆ ಏನೂ ಇಲ್ಲ. ಹಾಗಂತ 'ಆ ಇಪ್ಪತ್ತರವನು ನಾನೇ' ಅಂತ ಯಾರೂ ಹೇಳಿಕೊಳ್ಳುವ ಹಾಗಿಲ್ಲ.

ಮಾತ್ರೆಡಬ್ಬಿ:
ನಾನು ಹೇಳಿಕೊಳ್ಳುತ್ತೇನೆ. :) ಹುಸಿಯೋ ಅಸಲಿಯೋ, ನುಂಗಿದ ಮೇಲೆ ಒಂದು ಧೈರ್ಯ ಬರುತ್ತದೆ. ನಷ್ಟ ಏನು?

ಗುಳಿಗೆಗಾರ:
ಹುಸಿಮಾತ್ರೆ ಆಗಿದ್ದರೆ ನಷ್ಟ ಇರಲಿಲ್ಲ. ನಿಮ್ಮದು ಅಸಲಿ. ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು, ದಾಟಿದರೆ ಲಿವರ್‌ಗೆ ಅಪಾಯ. ನೆಗಡಿ, ಜ್ವರದ ಎಷ್ಟೋ ಮಾತ್ರೆಗಳಲ್ಲೂ ಅದು ಇರುತ್ತದೆ, ಜನ ಅದನ್ನ ಲೆಕ್ಕಕ್ಕೇ ಹಿಡಿಯಲ್ಲ. ಐಬುಪ್ರೊಫೆನ್ ಜಾತಿಯವು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿ, ಹೃದಯದ ತೊಂದರೆ ಇರುವವರಿಗಂತೂ ಇನ್ನೂ ಕಷ್ಟ. ಅಂಥವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಬಗ್ಗಿಏಳು:
ಮತ್ತೆ, ಈ ಚರ್ಚೆ ಎಲ್ಲ ಸೊಂಟನೋವಿಗೂ ಅಲ್ಲ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಹೋದರೆ ಟ್ರಯಲ್ ಓದುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ ಇದ್ದರೆ, ಜೋರಾಗಿ ಬಿದ್ದಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೂ ತಡಮಾಡದೆ ತೋರಿಸಿ.

ಮಾತ್ರೆಡಬ್ಬಿ:
ಸರಿ. ಅದ್ಯಾವುದೂ ಇಲ್ಲದ ಬರೀ ಹಿಡಿತಕ್ಕೆ ಮಾತ್ರೆ ಬಿಟ್ಟು ಏನು ಮಾಡಲಿ?

ಬಗ್ಗಿಏಳು:
ಬಿಸಿ ಶಾಖ ಕೊಡಿ, ಆಗುವಷ್ಟು ನಡೆದಾಡಿ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಹೊಸ ಸೊಂಟನೋವಿಗೆ ಮೊದಲು ಶಾಖ, ಮಸಾಜ್‌ನಂಥವು. ಔಷಧಿ ಬೇಕೇ ಬೇಕು ಅಂದರೆ ಐಬುಪ್ರೊಫೆನ್ ಜಾತಿ ಅಥವಾ ಸ್ನಾಯು ಸಡಿಲಿಸುವವು.

ಮಾತ್ರೆಡಬ್ಬಿ:
ಶಾಖಕ್ಕೆ ಹುಸಿಶಾಖ ಇಟ್ಟು ಪರೀಕ್ಷೆ ಮಾಡಿದ್ದಾರಾ?

ಲೆಕ್ಕದಮೇಷ್ಟ್ರು:
ಒಳ್ಳೇ ಏಟು! ಬಿಸಿಯಿಲ್ಲದ ಪಟ್ಟಿ ಕಟ್ಟಿ ನೋಡಿದ್ದಾರೆ. ಶಾಖವೇ ಸ್ವಲ್ಪ ಮೇಲು ಅಂತ ಬಂತು. ಆದರೆ ಪಟ್ಟಿ ಬಿಸಿಯೋ ತಣ್ಣಗೋ ಅಂತ ಕಟ್ಟಿಕೊಂಡವರಿಗೆ ಗೊತ್ತಾಗದೆ ಇರುತ್ತದಾ? ಅಲ್ಲಿ ಎರಡು ಡಬ್ಬಿಯ ಆಟ ನಡೆಯಲ್ಲ.