ಕಾಫಿ ಸಸಿಯ ಬೇರಿನಲ್ಲಿ ಒಂದು ಥರ, ದಂಟಿನಲ್ಲಿ ಇನ್ನೊಂದು ಥರ, ಯಾಕೆ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮಡಿಗೆ ಹಾಕಿದ ಅರೇಬಿಕಾ ಬೀಜ ಈಗ ಟೋಪಿ ಹಂತಕ್ಕೆ ಬಂದಿದೆ, ಅಂದರೆ ಮೇಲೆದ್ದ ಸಸಿಯ ತಲೆ ಮೇಲೆ ಬೀಜವೇ ಟೋಪಿಯ ಹಾಗೆ ಕೂತಿದೆ. ಕೆಲವು ಸಸಿಗಳ ಟೋಪಿ ಬೀಳದೆ ಹಾಗೇ ಕೂತಿತ್ತು, ಪಾಪ ಅಂತ ನಾನೇ ಉಗುರಿನಿಂದ ಬಿಡಿಸಲು ಹೋದೆ. ನಾಲ್ಕು ಸಸಿಗಳ ಎಲೆ ಹರಿದೇ ಹೋಯಿತು. ಅವನ್ನು ಸುಮ್ನೆ ಎಸೆಯಲು ಮನಸ್ಸಾಗದೆ ಬ್ಲೇಡಿನಿಂದ ಅಡ್ಡ ಕೊಯ್ದು ಲೆನ್ಸಿನಲ್ಲಿ ನೋಡಿದೆ. ಬೇರಿನ ನಟ್ಟನಡುವೆ ಒಂದು ಎಳೆ ಇದೆ. ದಂಟಿನ ಮೇಲ್ಭಾಗದಲ್ಲಿ ಅದೇ ಬಳೆಯ ಹಾಗೆ ಸುತ್ತ ಕಾಣುತ್ತದೆ. ಒಂದೇ ಸಸಿಯಲ್ಲಿ ಹೀಗೆ ಹೇಗೆ? ಇದೆಲ್ಲ ಬೀಜದಲ್ಲೇ ಇತ್ತಾ, ಮೊಳೆತ ಮೇಲೆ ಬಂದದ್ದಾ?

ಹಾಸನದ ಬಾಟನಿ ಮೇಷ್ಟ್ರು:
ಕೊಯ್ದು ನೋಡಿದ್ದು ತುಂಬಾ ಒಳ್ಳೆಯದಾಯಿತು. ಬುನಾದಿ ಬೀಜದಲ್ಲೇ ಇತ್ತು. ಒಂದು ಬೀಜ ನೆನೆಸಿ, ಮೇಲಿನ ಗಟ್ಟಿ ಹೊಟ್ಟು, ಅಂದರೆ ಪಾರ್ಚ್‌ಮೆಂಟ್ ಸುಲಿದು, ದುಂಡು ಬೆನ್ನಿನ ತುದಿಯಲ್ಲಿ ನಿಧಾನಕ್ಕೆ ಕೆರೆಯಿರಿ. 3-4 ಮಿಲಿಮೀಟರ್ ಉದ್ದದ ಬಿಳಿ ಕಡ್ಡಿ ಸಿಗುತ್ತದೆ, ಅದೇ ಭ್ರೂಣ. ಉಳಿದದ್ದೆಲ್ಲ ಅದರ ಬುತ್ತಿ. ಆ ಭ್ರೂಣ ಇನ್ನೂ ಕಣ್ಣಿಗೆ ಕಾಣದ ಉಂಡೆಯಾಗಿದ್ದಾಗಲೇ ಹೊರಗಿನ ಪದರ ಸಿಪ್ಪೆಗೆ, ನಡುವಿನದ್ದು ನೀರು-ಆಹಾರ ಸಾಗಿಸುವ ಕೊಳವೆಗಳಿಗೆ, ಇವೆರಡರ ಮಧ್ಯದ್ದು ತಿರುಳಿಗೆ ಅಂತ ಬೇರೆಯಾಗಿರುತ್ತದೆ. ಆದರೆ ಕೊಳವೆ ಬಲಿಯುವುದು ಮೊಳೆತ ಮೇಲೆ. ಬೇರಿನಲ್ಲಿ ಅವು ಒಟ್ಟಿಗೆ ನಡುವೆ ಇರುತ್ತವೆ, ದಂಟಿನಲ್ಲಿ ಬಿಡಿಬಿಡಿಯಾಗಿ ಸುತ್ತ ನಿಲ್ಲುತ್ತವೆ. ಬೇರಿಗೂ ಟೋಪಿಗೂ ನಡುವಿನ ದಂಟು ಇದೆಯಲ್ಲ, ಈ ಬದಲಾವಣೆ ಆಗುವುದು ಅಲ್ಲೇ. ಅದನ್ನು ಕೆಳಗಿನಿಂದ ತೆಳ್ಳಗೆ ಕೊಯ್ಯುತ್ತಾ ಬಂದರೆ ಒಂದು ಎಳೆ ಒಡೆದು ಬಳೆಯಾಗುವುದನ್ನು ಕಣ್ಣಾರೆ ನೋಡಬಹುದು. ನನಗೆ ಇವತ್ತಿಗೂ ಅದನ್ನು ನೋಡುವುದೆಂದರೆ ಇಷ್ಟ.

ಇನ್ನು ಟೋಪಿಯ ವಿಷಯ. ಅದರೊಳಗೆ ಬೀಜದಳಗಳು ಬುತ್ತಿಯನ್ನು ಕರಗಿಸಿ ಹೀರುತ್ತಾ, ಅದು ಖಾಲಿಯಾದ ಹಾಗೆ ತಾವು ಹಿಗ್ಗುತ್ತಾ ಇರುತ್ತವೆ. ಊಟದ ಮಧ್ಯೆ ಎಳೆದಿರಿ, ಹರಿಯಿತು.

ಬಾಳೆಹೊನ್ನೂರು ಕಡೆಯವನು:
ಮೇಷ್ಟ್ರು ಹೇಳಿದ್ದು ಸರಿ, ಟೋಪಿಗೆ ಕೈ ಹಾಕಲೇಬೇಡಿ, ಮಡಿ ಒಣಗದ ಹಾಗೆ ನೀರು ಚಿಮುಕಿಸುತ್ತಿರಿ ಸಾಕು. ನಾನು ಜಾಸ್ತಿ ಹೆದರುವುದು ತಾಯಿಬೇರಿಗೆ. ಬ್ಯಾಗಿಗೆ ಹಾಕುವಾಗ ಅದು ಮಡಚಿಕೊಂಡರೆ ಹಾಗೇ ಬಲಿತುಬಿಡುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ. ಮೊದಲ ಸಲ ನಾನು ಅವಸರ ಮಾಡಿ ನೆಟ್ಟ ಗಿಡಗಳು ಬೇಸಿಗೆಯಲ್ಲಿ ಹಳದಿಯಾದವು. ಕಿತ್ತು ನೋಡಿದರೆ ಬೇರು ಕೊಕ್ಕೆ! ಕಡ್ಡಿಯಿಂದ ಆಳಕ್ಕೆ ತೂತು ಮಾಡಿ, ಸಸಿ ಇಳಿಸಿ, ಒಂಚೂರು ಮೇಲಕ್ಕೆತ್ತಿ, ಆಮೇಲೆ ಮಣ್ಣು ಒತ್ತಿ.

ಮೂಡಿಗೆರೆ ತೋಟ:
ಮೇಷ್ಟ್ರೇ, ಬಿಳಿ ಕಡ್ಡಿ ಸಿಕ್ಕಿತು! ಎರಡು ಬೀಜ ಹಾಳಾಗಿ ಮೂರನೆಯದರಲ್ಲಿ ಬಂತು. ತುದಿಯಲ್ಲಿ ಎರಡು ಪುಟ್ಟ ಎಲೆ ಅಂಟಿಕೊಂಡಿವೆ, ಮಗಳು ಲೆನ್ಸ್ ಕೊಡುತ್ತಲೇ ಇಲ್ಲ.