ಪದ ಬೇಕು: ಚಿತ್ರ ಸಾಗಿಸುವ ‘ಸಾಫ್ಟ್ ಪ್ಯಾಕ್’, ‘ಟ್ರಾವೆಲ್ ಫ್ರೇಮ್’, ‘ಕ್ರೇಟ್’

ಶೈ.:
ಮೈಸೂರು ಶೈಲಿಯ ಚಿತ್ರಗಳನ್ನು ಪರವೂರಿನ ಪ್ರದರ್ಶನಕ್ಕೆ ಕಳಿಸುವವರಿಗಾಗಿ ಎರಡು ಪುಟದ ಸೂಚನೆ. ಸಂಜೆ ಅಚ್ಚಿಗೆ ಹೋಗಬೇಕು. ಮೂರು ಹಂತ: ಊರೊಳಗೆ ಕಾರಿನಲ್ಲಿ ಒಯ್ಯಲು ಬರೀ ಸುತ್ತುವುದು, ಮೇಲ್ಮೈಗೆ ಏನೂ ತಾಗಬಾರದೆಂದರೆ ಚಿತ್ರವನ್ನು ಬೆನ್ನ ಕಡೆಯಿಂದ ಬಿಗಿದು ನಿಲ್ಲಿಸುವ ಆಳದ ಚೌಕಟ್ಟು, ಲಾರಿಗೆ, ವಿಮಾನಕ್ಕೆ ಕ್ರೇಟ್. ‘ಮೃದು ಕಟ್ಟು, ಪ್ರಯಾಣ ಚೌಕಟ್ಟು, ಪೆಟ್ಟಿಗೆ’ ಅಂತ ಹಾಕಿದ್ದೇನೆ. ಸರಿಯೇ?

ರಾ.:
‘ಮೃದು ಕಟ್ಟು’ ಬೇಡವೇ ಬೇಡ. ಮೆತ್ತಗಿದ್ದರೆ ಸಾಕು ಅಂದುಕೊಂಡು ಬಬಲ್ ರ‍್ಯಾಪನ್ನು ನೇರ ಚಿತ್ರಕ್ಕೇ ಸುತ್ತುತ್ತಾರೆ. ಗುಳ್ಳೆಯ ಅಚ್ಚು ಬಣ್ಣದ ಮೇಲೆ ಕೂರುತ್ತದೆ. ಗೆಸ್ಸೋ (ಪುಡಿ, ಅಂಟು ಕಲಸಿದ ಲೇಪ) ಉಬ್ಬಿನ ಮೇಲಿರುವ ಚಿನ್ನದ ರೇಕು ಅಂಟಿಕೊಂಡು ಎದ್ದು ಬರಬಹುದು. ‘ಸುತ್ತುಗಟ್ಟು’ ಅನ್ನಿ. ಮೊದಲು ನುಣುಪಾದ, ತೆಳ್ಳನೆಯ ಗ್ಲಾಸಿನ್ ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್. ಉಬ್ಬು ಸಡಿಲವಾಗಿದ್ದರೆ ಗ್ಲಾಸಿನ್ನೂ ತಾಗಕೂಡದು, ಎರಡನೇ ಹಂತವೇ ಗತಿ. ಗಾಜು ಹಾಕಿದ್ದರೆ ಅದರ ಮೇಲೆ ಸುಲಭವಾಗಿ ಕೀಳುವ ಟೇಪಿನ ಪಟ್ಟಿಗಳು: ಒಡೆದರೂ ಚೂರು ಚಿತ್ರದ ಮೇಲೆ ಬೀಳುವುದಿಲ್ಲ. ಗಾಜಿನ ಬದಲು ಹಾಕುವ ಅಕ್ರಿಲಿಕ್‌ಗೆ ಟೇಪ್ ಹಚ್ಚಬಾರದು.

ನಾ.:
ಪ್ರಯಾಣ ಸಂಸ್ಕೃತ. ಚೌಕಟ್ಟಿನ ‘ಚೌ’ ಉತ್ತರದ್ದು. ‘ಸಾಗುಕಟ್ಟು’ ಅನ್ನಲು ಏನಡ್ಡಿ? ಮೂರರಲ್ಲಿ ‘ಪೆಟ್ಟಿಗೆ’ ಒಂದೇ ಅಚ್ಚಗನ್ನಡ. ತಮಿಳು, ಮಲಯಾಳಗಳ ಪೆಟ್ಟಿ, ತೆಲುಗಿನ ಪೆಟ್ಟೆ ನೋಡಿ.

ವೆಂ.:
ಸಂಸ್ಕೃತದ ‘ಪೇಟಿಕಾ’ ಮರೆತಿರಾ?

ನಾ.:
ಅದು ಇಲ್ಲಿಂದ ಅಲ್ಲಿಗೆ ಹೋದದ್ದು ಯಾಕಾಗಬಾರದು? ಸಂಸ್ಕೃತದಲ್ಲಿ ಸಿಕ್ಕಿದ ಮಾತ್ರಕ್ಕೆ ಅಲ್ಲಿಯದೇ ಅನ್ನುವ ಹಟ ಬಿಡಿ.

ರಾ.:
ಬೇರು ಆಮೇಲೆ ಅಗೆಯಿರಿ, ಅಚ್ಚು ಸಂಜೆಗೆ. ಬರೀ ‘ಪೆಟ್ಟಿಗೆ’ ಅಂದರೆ ರಟ್ಟಿನದು ತಂದಿಡುತ್ತಾರೆ, ಆದ್ದರಿಂದ ‘ಮರದ ಪೆಟ್ಟಿಗೆ’. 12 ಮಿ.ಮೀ. ಪ್ಲೈವುಡ್, ಒಳಗೆ ಸುತ್ತಲೂ 5 ಸೆಂ.ಮೀ. ಪಾಲಿಎಥಿಲೀನ್ ಫೋಮ್. ಹಗುರ ಚಿತ್ರದಡಿ ಗಟ್ಟಿ ಫೋಮನ್ನು ಉದ್ದಕ್ಕೂ ಹಾಸಿದರೆ ಅದು ಅಮುಕುವುದೇ ಇಲ್ಲ, ಪೆಟ್ಟು ಹಾಗೇ ಚಿತ್ರಕ್ಕೆ ದಾಟುತ್ತದೆ. ಮೂಲೆಗಳಲ್ಲಿ ತುಂಡಾಗಿ ಇಡಬೇಕು. ಮುಚ್ಚಳಕ್ಕೆ ತಿರುಪು. ಮೊಳೆ ಹೊಡೆದರೆ ಆ ಅದುರಿಗೇ ಸಡಿಲ ಉಬ್ಬು ಉದುರುತ್ತದೆ. ಹೊರದೇಶಕ್ಕಾದರೆ ಇಡಿ ಮರದ ಪಟ್ಟಿಗಳಿಗೆ, ಹುಳ ಸಾಯುವಂತೆ ಮರವನ್ನು ಸಂಸ್ಕರಿಸಿದೆ ಎಂದು ತೋರಿಸುವ ಐಎಸ್‌ಪಿಎಂ 15 ಮುದ್ರೆ ಬೇಕು, ಪ್ಲೈವುಡ್‌ಗೆ ಬೇಡ.

ನಾ.:
ಪ್ಲೈವುಡ್, ಫೋಮ್, ಟೇಪ್. ಇದು ಕನ್ನಡದ ಸೂಚನೆಯೇ? ‘ಪದರಹಲಗೆ’ ಅನ್ನಿ. ಒಂದೊಂದನ್ನೂ ಹೀಗೇ ಬಿಟ್ಟುಕೊಟ್ಟರೆ ನುಡಿಯಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ವೆಂ.:
ಬಡಗಿಗೆ ತಿಳಿಯದ ಪದ ಬರೆದರೆ ಪೆಟ್ಟಿಗೆ ಕೆಡುತ್ತದೆ. ತಿರುಪು ಬಳಕೆಯಲ್ಲಿದೆ, ಇರಲಿ. ಪದರಹಲಗೆ ಇಲ್ಲ.

ಶೈ.:
ಸುತ್ತುಗಟ್ಟು, ‘ಪ್ರಯಾಣ’ ಬಿಟ್ಟು ಹೊರಚೌಕಟ್ಟು, ಮರದ ಪೆಟ್ಟಿಗೆ. ಇಷ್ಟಕ್ಕೆ ನಿಲ್ಲಿಸುತ್ತೇನೆ, ಪ್ಲೈವುಡ್ ಹಾಗೇ ಇರುತ್ತದೆ. ಪೆಟ್ಟಿಗೆಯ ಹೊರಗೆ ‘ಈ ಬದಿ ಮೇಲೆ’ ಸಾಕೇ?

ರಾ.:
‘ಈ ಬದಿ ಮೇಲಕ್ಕೆ’. ಬಾಣದ ಗುರುತು ಎದುರುಬದುರು ಎರಡು ಮಗ್ಗುಲಿಗೂ. ಕೆಳಗೆ ‘ಮಲಗಿಸಬೇಡಿ’. ‘ತಲುಪಿದ ಮೇಲೆ 24 ಗಂಟೆ ತೆರೆಯಬೇಡಿ’ ಅನ್ನುವುದನ್ನೂ ಪೆಟ್ಟಿಗೆಯ ಮೇಲೇ ಬರೆಸಿ, ಸೂಚನೆಯ ಎರಡನೇ ಪುಟದಲ್ಲಲ್ಲ. ತಣ್ಣಗಿರುವ ಪೆಟ್ಟಿಗೆಯನ್ನು ಸೆಕೆಯ ಕೋಣೆಯಲ್ಲಿ ಬಿಚ್ಚಿದರೆ ಗಾಜಿಗೆ ನೀರು ಕಟ್ಟುತ್ತದೆ.