ಸಂಘದಲ್ಲಿ ಥಿಯಾಸಫಿ ಓದುಕೂಟ: ಮಕ್ಕಳೂ ಕೂರುವ ಹಾಗೆ ಮಾಡುವುದು ಹೇಗೆ?

ಎಲ್ಲ ಧರ್ಮಗಳ ಹಿಂದೆ ಒಂದೇ ಸತ್ಯವಿದೆ ಎನ್ನುವ ಥಿಯಾಸಫಿಯ ವಿಚಾರಗಳನ್ನು ಹೊರದೇಶದ ಕನ್ನಡ ಸಂಘದವರಿಗೆ, ಅದರಲ್ಲೂ ಇಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ತಲುಪಿಸುವುದು ಹೇಗೆಂದು ಕೇಳಿದ್ದೀರಿ. ಮೊದಲ ಮಾತು: ಉಪನ್ಯಾಸ ಇಡಬೇಡಿ. ಕರ್ಮ, ಪುನರ್ಜನ್ಮ ಎಂದ ಕೂಡಲೇ ದೊಡ್ಡವರು "ಇದೆಲ್ಲ ಗೀತೆಯಲ್ಲೇ ಇದೆಯಲ್ಲ" ಎಂದು ತಲೆಯಾಡಿಸುತ್ತಾರೆ, ಮಕ್ಕಳು ಫೋನ್ ತೆಗೆಯುತ್ತಾರೆ. ಥಿಯಾಸಫಿಕಲ್ ಸೊಸೈಟಿಯ ಮೂರು ಉದ್ದೇಶಗಳಲ್ಲಿ ಎರಡನೆಯದನ್ನು ಹಿಡಿಯಿರಿ: ಧರ್ಮ, ತತ್ತ್ವಶಾಸ್ತ್ರ, ವಿಜ್ಞಾನಗಳ ತುಲನಾತ್ಮಕ ಅಧ್ಯಯನ. ಒಂದೇ ತರಗತಿಯಲ್ಲಿ ನಾಲ್ಕು ಧರ್ಮದ ಗೆಳೆಯರಿರುವ ಮಗುವಿಗೆ ಇದು ಸಲೀಸು.

ಮೊದಲ ಸಭೆಗೆ ಒಂದೇ ಹಾಳೆ ಸಾಕು. ಅದರಲ್ಲಿ ನಾಲ್ಕು ವಾಕ್ಯ: ಯಹೂದಿ ಗುರು ಹಿಲ್ಲೆಲ್ ಹೇಳಿದ್ದು, ಮತ್ತಾಯನ ಸುವಾರ್ತೆಯ 7:12, ಕನ್‌ಫ್ಯೂಷಿಯಸ್ ಮಾತು, ನಮ್ಮ "ಆತ್ಮನಃ ಪ್ರತಿಕೂಲಾನಿ ಪರೇಷಾಂ ನ ಸಮಾಚರೇತ್" (ತನಗೆ ಬೇಡವಾದದ್ದನ್ನು ಇತರರಿಗೆ ಮಾಡಬಾರದು). ಹೆಸರು ಹಾಕಬೇಡಿ, ಯಾವುದು ಎಲ್ಲಿಯದೆಂದು ಮಕ್ಕಳೇ ಊಹಿಸಲಿ. "ಎಲ್ಲ ಒಂದೇ ಹೇಳುತ್ತವೆ" ಎಂದು ಅಲ್ಲಿಗೇ ಮುಗಿಸಿದರೆ ಕೂಟ ಸತ್ತ ಹಾಗೆ. ಮತ್ತಾಯನದು "ಮಾಡು" ಎನ್ನುತ್ತದೆ, ಉಳಿದ ಮೂರೂ "ಮಾಡಬೇಡ" ಎನ್ನುತ್ತವೆ. ಎರಡರಲ್ಲಿ ಯಾವುದು ಕಷ್ಟ? ಹನ್ನೆರಡು ದಾಟಿದ ಮಕ್ಕಳು ಈ ಪ್ರಶ್ನೆಗೆ ಅರ್ಧ ಗಂಟೆ ಜಗಳವಾಡಬಲ್ಲರು.

ಒಟ್ಟು 75 ನಿಮಿಷ ಇಟ್ಟುಕೊಳ್ಳಿ: 5 ಮೌನ, 15 ಓದು, 40 ಮಾತು, ಉಳಿದದ್ದು ಚಹಾ. ಎಂಟರಿಂದ ಹನ್ನೆರಡು ಜನ ಹದ. ಹದಿನೈದು ದಾಟಿದರೆ ಮೂವರು ಮಾತಾಡುತ್ತಾರೆ, ಮಿಕ್ಕವರು ಕೇಳುತ್ತಾರೆ, ಗುಂಪು ಒಡೆಯಿರಿ. ಕುರ್ಚಿ ವೃತ್ತಾಕಾರದಲ್ಲಿರಲಿ, ಓದಿಸುವವರು ಪ್ರತಿ ಸಲ ಬದಲಾಗಲಿ. ಇಲ್ಲದಿದ್ದರೆ ಒಬ್ಬರು ಗುರುಗಳಾಗಿಬಿಡುತ್ತಾರೆ, ನಮ್ಮಲ್ಲಿ ಇದು ಬೇಗ ಆಗುತ್ತದೆ.

ಮುಂದಿನ ನಾಲ್ಕು ಸಭೆಗೆ 1910ರ "ಅಟ್ ದ ಫೀಟ್ ಆಫ್ ದ ಮಾಸ್ಟರ್" ಒಳ್ಳೆಯದು. ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ಬ್ಲಾವಟ್ಸ್ಕಿ ಅವರ ದಪ್ಪ ಗ್ರಂಥ "ಸೀಕ್ರೆಟ್ ಡಾಕ್ಟ್ರಿನ್"ನಿಂದ ಶುರು ಮಾಡಿದವರು ಸಾಮಾನ್ಯವಾಗಿ ಎರಡನೇ ಸಭೆಗೆ ಬರುವುದಿಲ್ಲ. "ಅಟ್ ದ ಫೀಟ್" ಎಂಬ ಈ ಪುಟ್ಟ ಪುಸ್ತಕದ ಚೌಕಟ್ಟು ನಮ್ಮ ವೇದಾಂತದ ಸಾಧನ ಚತುಷ್ಟಯವೇ, ಅಂದರೆ ಸಾಧಕರಿಗೆ ಬೇಕಾದ ನಾಲ್ಕು ಅರ್ಹತೆ: ವಿವೇಕ, ವೈರಾಗ್ಯ, ಶಮ (ಮನಸ್ಸಿನ ಹಿಡಿತ) ಮೊದಲಾದ ಆರು ಗುಣ, ಮುಮುಕ್ಷುತ್ವ (ಮೋಕ್ಷದ ಹಂಬಲ). ಆದರೆ ಮುಮುಕ್ಷುತ್ವದ ಜಾಗದಲ್ಲಿ ಅದು "ಪ್ರೀತಿ" ಎನ್ನುತ್ತದೆ. ಆ ಆರು ಗುಣಗಳಲ್ಲಿ ಉಪರತಿಗೆ (ವಿಷಯಗಳಿಂದ ಹಿಂದೆ ಸರಿಯುವುದು) ಪರಮತ ಸಹಿಷ್ಣುತೆ, ತಿತಿಕ್ಷೆಗೆ (ಕಷ್ಟ ಸಹಿಸುವುದು) ಲವಲವಿಕೆ ಎಂಬ ಅರ್ಥ ಕೊಡುತ್ತದೆ. ಶಂಕರರ ಪರಂಪರೆ ಬಲ್ಲ ಅಜ್ಜ ಅಜ್ಜಿಯರು ಭಾರತದಿಂದ ಬಂದಿದ್ದರೆ ಈ ವ್ಯತ್ಯಾಸವನ್ನು ಅವರ ಮುಂದಿಡಿ. ಆಗ ಮೂರು ತಲೆಮಾರು ಒಂದೇ ಪುಟದ ಮೇಲೆ ಮಾತಾಡುತ್ತದೆ.

ಹಂಚುವ ಮುನ್ನ ಹಕ್ಕುಸ್ವಾಮ್ಯ ನೋಡಿ. ಅಮೆರಿಕದಲ್ಲಿ ಆ ಪುಸ್ತಕ ಮುಕ್ತವಾಗಿದೆ. ಆದರೆ ಲೇಖಕರೆಂದು ಹೆಸರಿರುವ ಜೆ. ಕೃಷ್ಣಮೂರ್ತಿ ತೀರಿಕೊಂಡದ್ದು 1986ರಲ್ಲಿ. ಬ್ರಿಟನ್, ಯುರೋಪಿನಲ್ಲಿ ಲೇಖಕರ ಮರಣದ ನಂತರ 70 ವರ್ಷ ಹಕ್ಕು ಇರುವುದರಿಂದ ಅಲ್ಲಿ ನಕಲು ಹಂಚಬೇಡಿ, ಪ್ರತಿ ಕೊಂಡು ಓದಿ. ಬ್ಲಾವಟ್ಸ್ಕಿ (ಮರಣ 1891), ಸೊಸೈಟಿಯ ಅಧ್ಯಕ್ಷೆಯಾಗಿದ್ದ ಆನಿ ಬೆಸೆಂಟ್ (ಮರಣ 1933) ಬರಹಗಳಿಗೆ ಈ ತೊಡಕಿಲ್ಲ. ಕನ್ನಡ ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ.

ಹದಿಹರೆಯದವರು ಗೂಗಲ್ ಮಾಡಿಯೇ ಬರುತ್ತಾರೆ. 1885ರಲ್ಲಿ ಬ್ಲಾವಟ್ಸ್ಕಿ ಅವರನ್ನು ವಂಚಕಿ ಎಂದ ಹಾಡ್ಜ್‌ಸನ್ ವರದಿ, ಅದನ್ನು ಕಟುವಾಗಿ ಟೀಕಿಸಿದ 1986ರ ಹ್ಯಾರಿಸನ್ ಪ್ರಬಂಧ, ಎರಡನ್ನೂ ನೀವೇ ಹೇಳಿ. ಮನುಕುಲ ಒಂದರ ನಂತರ ಒಂದು ಜನಾಂಗವಾಗಿ ಬೆಳೆಯಿತು ಎನ್ನುವ, ಬ್ಲಾವಟ್ಸ್ಕಿ ಬರಹದ "ಮೂಲ ಜನಾಂಗ"ಗಳ ಭಾಗ ಇಂದಿನ ಕಿವಿಗೆ ಕೆಟ್ಟದಾಗಿ ಕೇಳಿಸುತ್ತದೆ. ಸಮರ್ಥಿಸಲು ಹೊರಟರೆ ಮಕ್ಕಳ ವಿಶ್ವಾಸ ಹೋಗುತ್ತದೆ. ಸೊಸೈಟಿಯ ಯಾವ ಬೋಧನೆಯನ್ನೂ ಸದಸ್ಯರು ಒಪ್ಪಲೇಬೇಕೆಂದಿಲ್ಲ ಎಂದು ಚೆನ್ನೈನ ಅಡ್ಯಾರಿನಲ್ಲಿರುವ ಅದರ ಕೇಂದ್ರದ 1924ರ ನಿರ್ಣಯವೇ ಹೇಳುತ್ತದೆ. ಅದನ್ನು ಮೊದಲ ದಿನವೇ ಓದಿ. ಮತಾಂತರದ ಅನುಮಾನವಿರುವ ತಂದೆತಾಯಿಗೂ ಅದೇ ಉತ್ತರ.

ಬೆಂಗಳೂರಿನವರನ್ನು ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳುವುದಾದರೆ ಕ್ಯಾಲಿಫೋರ್ನಿಯಾದ ಬೆಳಗ್ಗೆ 8 ಗಂಟೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ 8:30, ಚಳಿಗಾಲದಲ್ಲಿ 9:30. ಅಕ್ಟೋಬರ್ ಕೊನೆಯಲ್ಲಿ ಬ್ರಿಟನ್ ಗಡಿಯಾರ ಅಮೆರಿಕಕ್ಕಿಂತ ಒಂದು ವಾರ ಮೊದಲೇ ಬದಲಾಗುತ್ತದೆ. ಆ ವಾರ ಲಂಡನ್ನಿನವರು ತಪ್ಪಿಸಿಕೊಳ್ಳುವುದು ಖಂಡಿತ. ಆಹ್ವಾನದಲ್ಲಿ ಮೂರೂ ಊರಿನ ಸಮಯ ಬರೆಯಿರಿ.

ಹೊರಗಿನವರನ್ನೂ ಕರೆಯುವ ಸಭೆ ವರ್ಷಕ್ಕೊಂದು ಸಾಕು. ಬ್ಲಾವಟ್ಸ್ಕಿ ತೀರಿಕೊಂಡ ಮೇ 8ರ ಶ್ವೇತಕಮಲ ದಿನ ಅದಕ್ಕೆ ಒಪ್ಪುತ್ತದೆ: ಅಂದು ಭಗವದ್ಗೀತೆ ಮತ್ತು ಬುದ್ಧನ ಬದುಕಿನ ಮೇಲೆ ಎಡ್ವಿನ್ ಆರ್ನಾಲ್ಡ್ ಬರೆದ "ಲೈಟ್ ಆಫ್ ಏಷ್ಯಾ" ಕಾವ್ಯದ ಭಾಗಗಳನ್ನು ಓದಬೇಕೆಂದು ಬ್ಲಾವಟ್ಸ್ಕಿ ಉಯಿಲಿನಲ್ಲೇ ಬರೆದಿದ್ದರು. ಗ್ರಂಥಾಲಯದ ಕೋಣೆ ಹಿಡಿಯುವಾಗ ಊಟ ತರಬಹುದೇ, ಪುಸ್ತಕ ಮಾರಬಹುದೇ ಎಂದು ಮೊದಲೇ ಕೇಳಿ. ಮಾರಾಟಕ್ಕೆ ಹಲವೆಡೆ ಬಿಡುವುದಿಲ್ಲ.